ಒಂದು ಪದ ಕಡಿಮೆ

ಮೂವತ್ತೊಂದು ವರ್ಷ ನಾನು ಬೆರಳಚ್ಚು ಮಾಡಿದ್ದು
ಕಾಲೇಜಿನ ಕೈಪಿಡಿಯ ಕೊನೆಯ ನಾಲ್ಕು ಪುಟ:
ಯಾರು, ಯಾವ ವಿಷಯ, ಎಲ್ಲಿ ಓದಿದ್ದು,
ಯಾವ ಇಸವಿಯಲ್ಲಿ ಇಲ್ಲಿಗೆ ಬಂದದ್ದು.
ಒಬ್ಬೊಬ್ಬರಿಗೆ ಎರಡೇ ಸಾಲು. ಮೂರಾದರೆ
ಮುದ್ರಕನ ಬಿಲ್ಲು ಏರುತ್ತದೆ, ಡೀನರ ಹುಬ್ಬೂ.

ಕಾನ್ಸಾಸಿನ ಬಯಲಲ್ಲಿ ನಮ್ಮ ಕಾಲೇಜೆಂದರೆ
ಸುಣ್ಣಕಲ್ಲಿನ ಮೂರು ಕಟ್ಟಡ, ಒಂದು ಗಂಟೆ,
ಆಚೆಗೆ ಗೋಧಿ. ಗೋಧಿ. ರೈಲು ಹಳಿ. ಮತ್ತೆ ಗೋಧಿ.

ಲವರ್ನ್ ಉನ್ರೂ, ಗ್ರೀಕ್.
ಈಯಲಾರದ ಹಸುವಿನೊಳಗೆ ಮೊಣಕೈವರೆಗೆ ಕೈಯಿಟ್ಟು
ಕರುವನ್ನು ಎಳೆದು, ಸೋಪು ಹಚ್ಚಿ ತೊಳೆದು,
ಎಂಟರ ಗಂಟೆಗೆ ಸರಿಯಾಗಿ ಅದೇ ಕೈಯಲ್ಲಿ
ಬೋರ್ಡಿನ ಮೇಲೆ ಕ್ರಿಯಾಪದಗಳನ್ನು ಬಿಡಿಸುತ್ತಿದ್ದರು.
ಅದು ಸಾಲಿನಲ್ಲಿಲ್ಲ. ಮುಂದಿನ ಬೆಂಚಿನವರ ಮೂಗಿಗೆ ಗೊತ್ತು.

ಥಿರ್ಜಾ ಗೋರಿಂಗ್, ಭೌತಶಾಸ್ತ್ರ.
ಮಿಷನರಿಗಳ ಮಗಳು, ಹುಟ್ಟಿದ್ದು ಕಾಂಗೋದಲ್ಲಿ.
ಲೆಕ್ಕ ತಪ್ಪಿದಾಗ ಬಾಯಿಗೆ ಬರುವುದು
ಎತ್ತಿ ಆಡಿಸಿದ ಆಯಾ ಕಲಿಸಿದ ಬೈಗುಳ.
ನಮಗಾರಿಗೂ ಅರ್ಥವಾಗದು,
ಆದ್ದರಿಂದ ನಮ್ಮಲ್ಲಿ ಅದು ಬೈಗುಳವಲ್ಲ.

ಓರ್ಲೋ ಡರ್ಕ್ಸ್ ಚಿತ್ರಕಲೆ. ಅಪ್ಪ ಸಾಯುವತನಕ ಮಾತಾಡಲಿಲ್ಲ.

ನನ್ನ ಹೆಸರು ಆ ಪುಟಗಳಲ್ಲಿ ಬರುವುದಿಲ್ಲ.
ಬಂದಿದ್ದರೆ ಏನು ಬರೆಯುತ್ತಿದ್ದೆನೋ:
ಆರ್ಡಿಸ್ ಕೇನ್; ರಷ್ಯಾದಿಂದ ಹೊರಡುವಾಗ ಮುತ್ತಜ್ಜಿ
ದೀಪದ ಬೆಳಕಲ್ಲಿ ಒಂದೊಂದೇ ಕಾಳು ಆರಿಸಿ
ಟ್ರಂಕಿಗೆ ಬೀಜದ ಗೋಧಿ ತುಂಬಿದವಳಂತೆ;
ನಾನು ಅಕ್ಷರ ಆರಿಸುತ್ತೇನೆ, ಜೊಳ್ಳು ತೆಗೆಯುತ್ತೇನೆ.

ಇರಲಿ, ಹೇಳಹೊರಟದ್ದು ಬೇರೆ.

ಮಾರ್ಚ್ ತಿಂಗಳು. ಗಾಳಿ ಕಿಟಕಿಯ ಗಾಜು ಅಲುಗಾಡಿಸುತ್ತಿತ್ತು.
ವರ್ಲಿನ್ ಷ್ರಾಗ್ ಬಂದರು, ಹ್ಯಾಟು ಕೈಯಲ್ಲಿ.
ಹಳೆ ಒಡಂಬಡಿಕೆ ಕಲಿಸುವವರು;
ಊರಿನ ಅರ್ಧ ಮದುವೆ ಅವರ ಬಾಯಲ್ಲೇ ಆದದ್ದು,
ನನ್ನ ತಂಗಿಯದೂ, ಆಮೇಲೆ ಆಕೆಯ ಮಣ್ಣೂ.
‘ಆರ್ಡಿಸ್, ನನ್ನ ಸಾಲಿನಲ್ಲಿ ಒಂದು ಪದ ತೆಗೆಯಬೇಕು.’
ಅಚ್ಚಿನ ತಪ್ಪೇನೋ ಎಂದುಕೊಂಡೆ.
ಅವರು ಚಾಚಿದ ಹಾಳೆಯಲ್ಲಿ ಪೆನ್ಸಿಲಿನ ಗೆರೆ,
ಸ್ಕೇಲಿಟ್ಟು ಎಳೆದಷ್ಟು ನೇರ,
‘ಅಭಿಷಿಕ್ತ’ ಎಂಬುದರ ಮೇಲೆ.

ಏಕೆಂದು ಕೇಳಲಿಲ್ಲ. ನನ್ನ ಕೆಲಸ ಅಲ್ಪವಿರಾಮದ್ದು.
ಹೇಳಲು ಬಾಯಿ ತೆರೆದವರು
ಗಾಳಿ ಜೋರಾಗಿದೆ ಎಂದಷ್ಟೇ ಹೇಳಿ ಹೋದರು.

ಪದ ತೆಗೆದೆ. ತೆಗೆದ ಮೇಲೆ ನೋಡಿದರೆ
ಅದರ ಈಚೆಗೊಂದು ಆಚೆಗೊಂದು ಅಲ್ಪವಿರಾಮ,
ಕುರ್ಚಿ ಒಯ್ದ ಮೇಲೂ ಎದುರುಬದುರು ಕೂತವರ ಹಾಗೆ.
ಒಂದನ್ನು ಅಳಿಸಬೇಕು, ಅದು ನಿಯಮ.
ಎರಡೂ ಉಳಿದರೆ ನಡುವೆ ಏನೋ ಇತ್ತೆಂದು
ಎಂಥ ದಡ್ಡನಿಗೂ ತಿಳಿದುಬಿಡುತ್ತದೆ.
ರಬ್ಬರು ಹಿಡಿದ ಕೈ ಅಲ್ಲೇ ನಿಂತಿತು.
ಹಾಗೆಯೇ ಮುದ್ರಕನಿಗೆ ಕಳಿಸಿದೆ.

ಆಗಸ್ಟಿನಲ್ಲಿ ಪ್ರತಿವರ್ಷದಂತೆ
ವಿಶ್ವಾಸಪತ್ರದ ಕೆಳಗೆ ಎಲ್ಲರ ಸಹಿ.
ಅವರದೂ ಇತ್ತು. ಕಾಗದದ ಹಿಂದೆ ಸವರಿದರೆ
ಬೆರಳಿಗೆ ಸಿಗುವಷ್ಟು ಒತ್ತಿ ಬರೆದಿದ್ದರು.
ಪ್ರಾರ್ಥನೆಗೂ ಬಂದರು, ಕೊನೆಯ ಬೆಂಚಿಗೆ,
ಬಾಗಿಲ ಬಳಿ, ಬೂಟಿನ ಹಿಮ ಕರಗುವಲ್ಲಿ.
ತರಗತಿಯಲ್ಲಿ ಮಾತ್ರ, ಹುಡುಗರು ಹೇಳುತ್ತಿದ್ದರು,
ಯೋಬನ ಪಾಠ ಈ ಸಲ ಮುಗಿಯುವುದೇ ಇಲ್ಲ,
ಮೂರು ವಾರವಾಯಿತು, ಇನ್ನೂ ಬೂದಿಯಲ್ಲೇ ಕೂತಿದ್ದಾರೆ.

ಕೈಪಿಡಿ ಕೈಗೆ ಬಂದ ದಿನ ಕಿಟಕಿಗೆ ಬಂದರು.
‘ಆರ್ಡಿಸ್, ಒಂದು ಅಲ್ಪವಿರಾಮ ಹೆಚ್ಚಾಗಿದೆ.’
‘ಹೌದೇ? ಮುಂದಿನ ವರ್ಷ ತೆಗೆಯುತ್ತೇನೆ’ ಎಂದೆ.
ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

ಮುಂದಿನ ವರ್ಷ ತೆಗೆಯಲಿಲ್ಲ. ಅದರ ಮುಂದಿನ ವರ್ಷವೂ.
ಅವರು ಮತ್ತೆ ಕೇಳಲೂ ಇಲ್ಲ.